ಕೆರೆ ಉಳಿಯಬೇಕಾದರೆ ಮೊದಲು ಮೋರಿ ನೋಡಿ

ಒಂದು ಸಣ್ಣ ಪ್ರಶ್ನೆ. ಜೋರು ಮಳೆ ಬಂದಾಗ ನಿಮ್ಮ ಪಿ.ಜಿ. ಅಥವಾ ಹಾಸ್ಟೆಲ್ ಮುಂದಿನ ರಸ್ತೆಯ ನೀರು ಎಲ್ಲಿಗೆ ಹೋಗುತ್ತದೆ? ನಮ್ಮ ಕ್ಲಾಸಿನಲ್ಲಿ ಇದನ್ನು ಕೇಳಿದಾಗ ಎಲ್ಲರೂ ‘ಮೋರಿಗೆ’ ಎಂದರು. ಮೋರಿಯಿಂದ ಮುಂದೆ? ‘ಎಲ್ಲೋ ಶುದ್ಧೀಕರಣ ಘಟಕಕ್ಕೆ ಹೋಗುತ್ತೆ ಬಿಡಿ’ ಎಂದವರೇ ಜಾಸ್ತಿ.

ಹೋಗುವುದಿಲ್ಲ. ನಗರದ ರಸ್ತೆಗಳಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆಗಳಿವೆ. ಒಂದು ಒಳಚರಂಡಿ. ಶೌಚಾಲಯ, ಬಚ್ಚಲು, ಅಡುಗೆಮನೆಯ ನೀರು ನೆಲದಡಿಯ ಪೈಪ್‌ನಲ್ಲಿ ಹರಿದು ಎಸ್‌ಟಿಪಿ ಸೇರಬೇಕು. ಬೆಂಗಳೂರಿನಲ್ಲಿ ಅದರ ಹೊಣೆ ಜಲಮಂಡಳಿಯದು. ಇನ್ನೊಂದು ರಸ್ತೆ ಬದಿಯ ಮಳೆನೀರು ಚರಂಡಿ. ಅದು ಸಣ್ಣ ಕಾಲುವೆಗೆ, ಸಣ್ಣ ಕಾಲುವೆ ರಾಜಕಾಲುವೆಗೆ, ರಾಜಕಾಲುವೆ ಕೆರೆಗೆ ಸೇರುತ್ತದೆ. ಅದನ್ನು ನೋಡಿಕೊಳ್ಳಬೇಕಾದದ್ದು ಪಾಲಿಕೆ. ಈ ಎರಡನೇ ದಾರಿಯ ನೀರನ್ನು ಶುದ್ಧ ಮಾಡುವ ಯಂತ್ರ ಸಾಮಾನ್ಯವಾಗಿ ನಡುವೆ ಎಲ್ಲೂ ಇರುವುದಿಲ್ಲ. ಮಳೆನೀರು ತಾನೇ, ಚೊಕ್ಕಟವಾಗಿರುತ್ತದೆ ಎಂಬ ನಂಬಿಕೆಯ ಮೇಲೆ ಕಟ್ಟಿದ ವ್ಯವಸ್ಥೆ ಇದು. ಆ ನಂಬಿಕೆ ಉಳಿಯುವುದೂ ಮುರಿಯುವುದೂ ನಮ್ಮ ಬೀದಿಯಲ್ಲೇ.

ಭಾನುವಾರ ಬೆಳಿಗ್ಗೆ ಕೈಗವಸು ಹಾಕಿಕೊಂಡು ಕೆರೆ ದಡದ ಕಸ ಹೆಕ್ಕುವ ಶ್ರಮದಾನಕ್ಕೆ ನಾವೆಲ್ಲ ಹೋಗಿದ್ದೇವೆ. ಅದು ಒಳ್ಳೆಯ ಕೆಲಸವೇ. ಆದರೆ ಮುಂದಿನ ಮಳೆಗೆ ಅಷ್ಟೇ ಕಸ ಮತ್ತೆ ಬಂದು ಬೀಳುತ್ತದೆ. ಏಕೆಂದರೆ ಕೆರೆಗೆ ರೋಗ ಬರುವುದು ದಡದಿಂದಲ್ಲ, ಕಾಲುವೆಯಿಂದ.

ಮೂರು ಕಣಿವೆಗಳ ಊರು

ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿರುವ ಬೆಂಗಳೂರಿನ ಮಧ್ಯದಲ್ಲಿ ದೊಡ್ಡ ನದಿಯಿಲ್ಲ. ಬಿದ್ದ ಮಳೆ ದಿಣ್ಣೆಯಿಂದ ಇಳಿದು ಮುಖ್ಯವಾಗಿ ಮೂರು ಕಣಿವೆಗಳಲ್ಲಿ ಹರಿಯುತ್ತದೆ: ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ ಮತ್ತು ವೃಷಭಾವತಿ. ಹಿಂದಿನವರು ಈ ಇಳಿಜಾರನ್ನು ನೋಡಿ ಒಂದರ ಕೆಳಗೊಂದು ಕೆರೆ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕೆಳಗಿನ ಕೆರೆಗೆ. ಹೀಗೆ ಸರಪಳಿಯಂತೆ ಸಾಗಿ ಬೆಳ್ಳಂದೂರು, ಅಲ್ಲಿಂದ ವರ್ತೂರು, ಮುಂದೆ ದಕ್ಷಿಣ ಪಿನಾಕಿನಿ. ಪಶ್ಚಿಮಕ್ಕೆ ಹರಿದದ್ದು ವೃಷಭಾವತಿಯಾಗಿ ಬಿಡದಿ ಬಳಿಯ ಬೈರಮಂಗಲ ಕೆರೆಗೆ ಹೋಗಿ, ಅರ್ಕಾವತಿಯ ಮೂಲಕ ಕಾವೇರಿ ಸೇರುತ್ತದೆ.

ಹಾಗಾಗಿ ಬೆಂಗಳೂರಿನ ಮೋರಿಯಲ್ಲಿ ಬಿದ್ದದ್ದು ಬೆಂಗಳೂರಿನಲ್ಲೇ ಉಳಿಯುವುದಿಲ್ಲ. ಹೊಸೂರು ಬಳಿಯ ಕೆಲವರಪಳ್ಳಿ ಜಲಾಶಯದಲ್ಲಿ ನೊರೆ ಎದ್ದ ಸುದ್ದಿಯನ್ನು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದಿದ್ದೇವೆ. ಬೈರಮಂಗಲದ ಸುತ್ತಲಿನ ರೈತರು ಅದೇ ಕಪ್ಪು ನೀರಿನಲ್ಲಿ ಕಾಲಿಟ್ಟು ಗದ್ದೆಗೆ ನೀರು ಕಟ್ಟುತ್ತಾರೆ. ನಾನು ಕೋಲಾರ ಜಿಲ್ಲೆಯವಳು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ, ಬೆಂಗಳೂರಿನ ಎಸ್‌ಟಿಪಿಗಳಲ್ಲಿ ಎರಡನೇ ಹಂತದವರೆಗೆ ಶುದ್ಧೀಕರಿಸಿದ ನೀರು ನಮ್ಮ ಕಡೆಯ ಕೆರೆಗಳಿಗೆ ಬರುತ್ತಿದೆ. ಬತ್ತಿದ ಕೆರೆಯಲ್ಲಿ ನೀರು ಕಂಡ ಖುಷಿ ಒಂದು ಕಡೆ. ಈ ನೀರು ಕೊಳವೆಬಾವಿಗೆ ಇಳಿದರೆ ಏನಾಗುತ್ತದೋ, ಮೂರನೇ ಹಂತದ ಶುದ್ಧೀಕರಣ ಯಾವಾಗ ಮಾಡುತ್ತಾರೋ ಎಂಬ ಆತಂಕ ಇನ್ನೊಂದು ಕಡೆ. ರಾಜಧಾನಿಯಲ್ಲಿ ನಾವು ನೀರಿಗೆ ಏನು ಸೇರಿಸುತ್ತೇವೆ ಎನ್ನುವುದು ನಮ್ಮೂರಿನ ಮನೆಗಳಲ್ಲಿ ಊಟದ ಹೊತ್ತಿನ ಮಾತು.

ಮೊದಲ ಮಳೆ ತೊಳೆದು ತರುವುದೇನು?

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬೆಂಗಳೂರಿನಲ್ಲಿ ಮಳೆ ಕಡಿಮೆ. ಅಷ್ಟೂ ತಿಂಗಳು ರಸ್ತೆಯ ಮೇಲೆ ದೂಳು, ಎಂಜಿನ್ ಆಯಿಲ್, ಟೈರ್ ಸವೆದ ಪುಡಿ, ಸಿಗರೇಟು ತುಂಡು, ನಾಯಿ ದನಗಳ ಸಗಣಿ, ಒಡೆದ ಪ್ಲಾಸ್ಟಿಕ್ ಎಲ್ಲ ಕೂತಿರುತ್ತವೆ. ಏಪ್ರಿಲ್, ಮೇ ತಿಂಗಳ ಮೊದಲ ಜೋರು ಮಳೆ ಇದನ್ನೆಲ್ಲ ಅರ್ಧ ಗಂಟೆಯಲ್ಲಿ ತೊಳೆದು ಕೆರೆಗೆ ತಳ್ಳುತ್ತದೆ. ಇಡೀ ವರ್ಷದಲ್ಲಿ ಅತಿ ಕೊಳಕಾದ ಮಳೆನೀರು ಇದೇ.

ಪ್ರಮಾಣ ಎಷ್ಟು ಎಂದು ಲೆಕ್ಕ ಹಾಕಿ ನೋಡಿ. 30X40 ನಿವೇಶನದ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಸುಮಾರು 2,800 ಲೀಟರ್ ನೀರು. ಒಂದು ಎಕರೆಗೆ ಅದು ಸುಮಾರು 1 ಲಕ್ಷ ಲೀಟರ್. ಮೊದಲಾದರೆ ಇದರಲ್ಲಿ ದೊಡ್ಡ ಪಾಲನ್ನು ಮಣ್ಣು ಕುಡಿಯುತ್ತಿತ್ತು. ಈಗ ಮನೆ ಮುಂದೆ ಸಿಮೆಂಟು, ರಸ್ತೆಗೆ ಡಾಂಬರು, ಫುಟ್‌ಪಾತಿಗೆ ಟೈಲ್ಸ್. ಬಿದ್ದ ನೀರೆಲ್ಲ ಒಮ್ಮೆಗೇ ಮೋರಿಗೆ ನುಗ್ಗುತ್ತದೆ.

ಅತ್ತ ಕಾಲುವೆಗಳೂ ಕುಗ್ಗಿವೆ. ಬೆಂಗಳೂರಿನ ಮಳೆನೀರು ನಿರ್ವಹಣೆ ಕುರಿತ 2021ರ ಸಿಎಜಿ ವರದಿ ಹೇಳುವಂತೆ, ಕೋರಮಂಗಲ ಕಣಿವೆಯಲ್ಲಿ 20ನೇ ಶತಮಾನದ ಆರಂಭದಲ್ಲಿ ಸುಮಾರು 113 ಕಿ.ಮೀ. ಇದ್ದ ಕಾಲುವೆಗಳ ಉದ್ದ 2016-17ರ ಹೊತ್ತಿಗೆ ಸುಮಾರು 63 ಕಿ.ಮೀ.ಗೆ ಇಳಿದಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಸುತ್ತಮುತ್ತ ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಫೋಟೊಗಳು ನೆನಪಿರಬಹುದು. ನೀರು ತನ್ನ ಹಳೆಯ ದಾರಿಯಲ್ಲೇ ಬಂದಿತ್ತು, ದಾರಿ ಮಾತ್ರ ಇರಲಿಲ್ಲ.

ಈ ವರ್ಷ ಮೇ ತಿಂಗಳಲ್ಲಿ, ಒಂದು ಮಳೆಯ ಮರುದಿನ, ಎನ್‌ಎಸ್‌ಎಸ್‌ನ ನಾವು ಐದು ಜನ ಹಾಸ್ಟೆಲ್ ಬೀದಿಯ ಮೋರಿಯ ಜಾಡು ಹಿಡಿದು ಕೆರೆಯವರೆಗೆ ನಡೆದೆವು. ಎರಡು ಕಿ.ಮೀ. ಕೂಡ ಇಲ್ಲದ ದಾರಿ. ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು. ಮನೆ ಕಟ್ಟುವ ಜಾಗದಲ್ಲಿ ರಸ್ತೆಗೇ ಸುರಿದ ಎಂ-ಸ್ಯಾಂಡ್ ರಾಶಿ, ಅದರ ಅರ್ಧ ಮೋರಿಯೊಳಗೆ. ದರ್ಶಿನಿಯ ಹಿಂಬಾಗಿಲಲ್ಲಿ ಪಾತ್ರೆ ತೊಳೆದ ಜಿಡ್ಡು ನೀರು. ಗ್ಯಾರೇಜಿನ ಮುಂದೆ ಕಪ್ಪು ಎಣ್ಣೆಯ ಕಲೆ. ಕಾರು ತೊಳೆಯುವ ಅಂಗಡಿಯಿಂದ ಬುರುಗು. ಎಳನೀರು ಬುರುಡೆಗಳು ಸಿಕ್ಕಿಕೊಂಡು ಕಟ್ಟಿಕೊಂಡ ಕಲ್ಲುಚಪ್ಪಡಿಯ ಕಿರುಸೇತುವೆ. ಮೂರು ಕಡೆ, ಮಳೆ ನಿಂತು ಹದಿನೆಂಟು ಗಂಟೆಯಾದ ಮೇಲೂ ಬೂದು ಬಣ್ಣದ ನೀರು ಸುರಿಸುತ್ತಿದ್ದ ಪಿವಿಸಿ ಪೈಪುಗಳು. ಅವು ಮಳೆನೀರಿನ ಪೈಪುಗಳಲ್ಲ ಎಂದು ತಿಳಿಯಲು ಎಂಜಿನಿಯರ್ ಆಗಬೇಕಿಲ್ಲ.

ಗ್ಯಾರೇಜಿನ ಅಣ್ಣನನ್ನು ಮಾತಾಡಿಸಿದೆವು. ‘ಕೆರೇನಾ? ಅದು ಆ ಕಡೆ ಇದೆಯಲ್ಲಮ್ಮಾ, ಇಲ್ಲಿಗೂ ಅದಕ್ಕೂ ಏನು ಸಂಬಂಧ?’ ಎಂದರು. ಅದೇ ಅಣ್ಣ ಪ್ರತಿ ವರ್ಷ ಗಣೇಶನನ್ನು ಅದೇ ಕೆರೆಗೆ ಒಯ್ಯುವವರು. ಕೆರೆಯ ಮೇಲೆ ಯಾರಿಗೂ ದ್ವೇಷವಿಲ್ಲ. ತಮ್ಮ ಮೋರಿಗೂ ಅದಕ್ಕೂ ಇರುವ ನಂಟು ಗೊತ್ತಿಲ್ಲ, ಅಷ್ಟೆ.

ನೊರೆ, ಬೆಂಕಿ, ಸತ್ತ ಮೀನು

ಕೆರೆಗೆ ಬಂದದ್ದು ಅಲ್ಲಿ ಏನು ಮಾಡುತ್ತದೆ? ಮಣ್ಣು, ಮರಳು ತಳಕ್ಕೆ ಕೂತು ಹೂಳಾಗುತ್ತದೆ, ನೀರು ಹಿಡಿಯುವ ಜಾಗ ಕಡಿಮೆಯಾಗುತ್ತದೆ. ಕೊಳಚೆ ಮತ್ತು ಸಾಬೂನಿನ ಸಾರಜನಕ, ರಂಜಕ ಗಿಡಗಳಿಗೆ ಗೊಬ್ಬರ. ಹೊಲದಲ್ಲಿ ಅದು ವರ, ಕೆರೆಯಲ್ಲಿ ಶಾಪ. ಪಾಚಿ ಮತ್ತು ಜಲಕಳೆ ನೀರಿನ ಮೇಲೆ ಹಸಿರು ಕಂಬಳಿ ಹೊದಿಸುತ್ತವೆ, ಕೆಳಗೆ ಬೆಳಕು ಹೋಗುವುದಿಲ್ಲ. ಕಳೆ ಸತ್ತು ಕೊಳೆಯುವಾಗ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಮುಗಿಸಿಬಿಡುತ್ತವೆ. ರಾತ್ರಿ ದ್ಯುತಿಸಂಶ್ಲೇಷಣೆಯೂ ಇರುವುದಿಲ್ಲವಾದ್ದರಿಂದ ಬೆಳಗಿನ ಜಾವಕ್ಕೆ ಆಮ್ಲಜನಕ ತೀರಾ ಕುಸಿಯುತ್ತದೆ. ಮೀನು ಸತ್ತು ತೇಲುವುದು ಸಾಮಾನ್ಯವಾಗಿ ಬೆಳಿಗ್ಗೆ ವಾಕಿಂಗ್ ಬಂದವರ ಕಣ್ಣಿಗೇ ಬೀಳುವುದು ಇದಕ್ಕೇ. ಮೀನು ಬದುಕಲು ಪ್ರತಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇರಬೇಕೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ದಡಕ್ಕೆ ಬಂದಿದ್ದವು.

ಬೆಳ್ಳಂದೂರಿನದು ಇನ್ನೂ ದೊಡ್ಡ ಕಥೆ. 2015ರ ಮೇನಲ್ಲಿ ಅಲ್ಲಿ ನೊರೆಗೇ ಬೆಂಕಿ ಹತ್ತಿತು. 2018ರ ಜನವರಿಯಲ್ಲಿ ಹೊತ್ತಿದ ಬೆಂಕಿ ಆರಿಸಲು ಸೇನೆಯ ಸಿಬ್ಬಂದಿಯೂ ಬರಬೇಕಾಯಿತು. ನೀರಿಗೆ ಬೆಂಕಿ ಬೀಳುವುದನ್ನು ಗಾದೆಯಲ್ಲೂ ಕೇಳಿರಲಿಲ್ಲ. ನಮ್ಮ ತಲೆಮಾರು ಟೀವಿಯಲ್ಲಿ ನೋಡಿತು.

ನೀರಗಂಟಿಗೆ ಗೊತ್ತಿದ್ದ ಪಾಠ

ನಮ್ಮ ಸೀಮೆಯ ಹಳ್ಳಿಗಳಲ್ಲಿ ಕೆರೆಗೊಬ್ಬ ನೀರಗಂಟಿ ಇರುತ್ತಿದ್ದ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಿರ್ಧರಿಸುವುದು ಮಾತ್ರ ಅವನ ಕೆಲಸವಾಗಿರಲಿಲ್ಲ. ಮಳೆಗಾಲಕ್ಕೆ ಮುಂಚೆ ಊರವರನ್ನು ಸೇರಿಸಿ ಕೆರೆಗೆ ನೀರು ತರುವ ಕಾಲುವೆಗಳನ್ನು ಸವರಿಸಬೇಕು. ಏರಿಯ ಮೇಲೆ ಇಲಿ, ಹೆಗ್ಗಣ ತೋಡಿದ ಬಿಲ ಮುಚ್ಚಬೇಕು. ಏರಿಯಲ್ಲಿ ಮರ ಬೇರು ಬಿಡದಂತೆ ಗಿಡವಾಗಿರುವಾಗಲೇ ಕೀಳಬೇಕು, ಇಲ್ಲದಿದ್ದರೆ ಬೇರಿನ ಜಾಡಿನಲ್ಲಿ ನೀರು ಜಿನುಗಿ ಏರಿಯೇ ಒಡೆಯಬಹುದು. ಕೋಡಿಗೆ ಅಡ್ಡವಾದದ್ದನ್ನು ತೆಗೆಯಬೇಕು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಹೂಳನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯುವುದು ಎಲ್ಲರ ಕೆಲಸ. ನಮ್ಮ ತಾತ ಹೇಳುತ್ತಿದ್ದರು: ‘ಕೆರೆ ಕಟ್ಟಿದೋನು ಒಂದು ಸಲ ಬೆವರು ಸುರಿಸ್ತಾನೆ, ಕಾಯೋನು ವರ್ಷಾ ವರ್ಷಾ ಸುರಿಸ್ಬೇಕು.’

ಇದರಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ನೀರಗಂಟಿಯ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ನಡೆಯುತ್ತಿದ್ದುದು ಮಳೆ ಬರುವ ಮೊದಲು ಮತ್ತು ಕೆರೆಯ ಹೊರಗೆ. ನಗರದಲ್ಲಿ ನಾವು ಇದನ್ನು ತಿರುವುಮುರುವು ಮಾಡಿದ್ದೇವೆ. ಕೆರೆಯೊಳಗೆ ಕೋಟಿಗಟ್ಟಲೆ ಖರ್ಚು ಮಾಡಿ ಹೂಳೆತ್ತಿ, ವಾಕಿಂಗ್ ಪಾತ್ ಹಾಕಿ, ಬೇಲಿ ಸುತ್ತಿ ಉದ್ಘಾಟನೆ ಮಾಡುತ್ತೇವೆ. ಮರುವರ್ಷದಿಂದ ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆಗೆ ಎಷ್ಟೋ ಕೆರೆಗಳಲ್ಲಿ ಉತ್ತರವಿಲ್ಲ.

ಬೋಗುಣಿಯಂಥ ಕೆರೆ ಬೇಡ

ಕೆಲವು ಕೆರೆಗಳನ್ನು ಅಭಿವೃದ್ಧಿಯ ಹೆಸರಿನಲ್ಲಿ ಬೋಗುಣಿಯಂತೆ ಮಾಡಿಬಿಟ್ಟಿದ್ದಾರೆ. ಸುತ್ತ ಕಲ್ಲಿನ ಗೋಡೆ, ಎಲ್ಲ ಕಡೆ ಒಂದೇ ಆಳ. ನೋಡಲು ಅಚ್ಚುಕಟ್ಟು. ಆದರೆ ಕೊಕ್ಕರೆ ನಿಂತು ಮೀನು ಹಿಡಿಯಲು ತೆಳುನೀರಿಲ್ಲ, ನೀರನ್ನು ಸೋಸಲು ಜೊಂಡಿಲ್ಲ.

ಮಳೆನೀರಿನ ಕೆರೆಗೆ ಬೇಕಾದದ್ದು ಹೀಗೆ: ಕಾಲುವೆ ಕೆರೆ ಸೇರುವ ಬಾಯಲ್ಲಿ ಕಸ ತಡೆಯುವ ಜಾಲರಿ. ಅದರ ಹಿಂದೆ ಒಂದು ಹೂಳುಗುಂಡಿ, ಅಲ್ಲಿ ನೀರು ನಿಧಾನವಾಗಿ ಮಣ್ಣು ತಳ ಸೇರಬೇಕು. ಅದನ್ನು ದಾಟಿದ ಮೇಲೆ ಜೊಂಡು, ಆಪು ಬೆಳೆದ ಜೌಗು. ಅಲ್ಲಿ ಗಿಡಗಳ ಬೇರು ಮತ್ತು ಸೂಕ್ಷ್ಮಜೀವಿಗಳು ಕೊಳೆಯ ಒಂದು ಪಾಲನ್ನು ಹೀರಿಕೊಳ್ಳುತ್ತವೆ. ಆಮೇಲೆ ತೆರೆದ ನೀರು, ಕೊನೆಗೆ ಕೋಡಿ. ಉತ್ತರ ಬೆಂಗಳೂರಿನ ಜಕ್ಕೂರು ಕೆರೆಯನ್ನು ಒಮ್ಮೆ ನೋಡಿ ಬನ್ನಿ. ಅಲ್ಲಿ ಎಸ್‌ಟಿಪಿಯಿಂದ ಹೊರಬಂದ ನೀರು ನೇರ ಕೆರೆಗೆ ಬೀಳದೆ ಮೊದಲು ಜೌಗಿನ ಮೂಲಕ ಹಾದುಹೋಗುತ್ತದೆ. ದಕ್ಷಿಣದ ಪುಟ್ಟೇನಹಳ್ಳಿ, ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಗಳಲ್ಲಿ ಸುತ್ತಲಿನ ನಿವಾಸಿಗಳೇ ಟ್ರಸ್ಟ್ ಮಾಡಿಕೊಂಡು ಪಾಲಿಕೆಯೊಂದಿಗೆ ನಿಗಾ ವಹಿಸಿದ್ದು ಹಲವು ಕೆರೆಗಳಿಗೆ ಮಾದರಿಯಾಯಿತು.

ಆದರೆ ಈ ಯಾವುದೂ ಒಮ್ಮೆ ಕಟ್ಟಿ ಮರೆಯುವ ಸಾಮಾನಲ್ಲ. ಜಾಲರಿಯ ಕಸವನ್ನು ಪ್ರತಿ ದೊಡ್ಡ ಮಳೆಯ ನಂತರ ತೆಗೆಯದಿದ್ದರೆ ಅದೇ ಅಣೆಕಟ್ಟಾಗಿ ನೀರು ಪಕ್ಕದ ಮನೆಗಳಿಗೆ ನುಗ್ಗುತ್ತದೆ. ಹೂಳುಗುಂಡಿ ತುಂಬಿದ ಮೇಲೆ ಮಣ್ಣು ಸೀದಾ ಕೆರೆಗೇ ಹೋಗುತ್ತದೆ. ಜೊಂಡನ್ನು ಆಗಾಗ ಕೊಯ್ದು ಹೊರಗೆ ಸಾಗಿಸಬೇಕು; ಅಲ್ಲೇ ಕೊಳೆಯಲು ಬಿಟ್ಟರೆ ಹೀರಿಕೊಂಡ ಕೊಳೆಯನ್ನು ಅದು ನೀರಿಗೇ ವಾಪಸ್ ಕೊಡುತ್ತದೆ. ಕಿತ್ತ ಜಲಕಳೆಯನ್ನು ದಡದಲ್ಲೇ ರಾಶಿ ಹಾಕುವುದೂ ಇದೇ ತಪ್ಪು.

ನಾವು ಮಾಡಬಹುದಾದದ್ದು

ಮೊದಲನೆಯದು, ನಿಮ್ಮ ಮೋರಿಯ ನಕ್ಷೆ ಮಾಡಿ. ನಾಲ್ಕೈದು ಗೆಳೆಯರು, ಒಂದು ಮೊಬೈಲ್, ಒಂದು ಬೆಳಿಗ್ಗೆ ಸಾಕು. ಮಳೆಯಿಲ್ಲದ ದಿನವೂ ನೀರು ಹರಿಯುತ್ತಿರುವ ಮಳೆಚರಂಡಿ ಕಂಡರೆ ಅಲ್ಲಿಗೆ ಕೊಳಚೆ ಸೇರುತ್ತಿದೆ ಎಂದೇ ಅನುಮಾನಿಸಬೇಕು. ಜಾಗ, ದಿನಾಂಕ, ಸಮಯದ ಸಮೇತ ಫೋಟೊ ತೆಗೆದು ಜಲಮಂಡಳಿಯ 1916 ಸಹಾಯವಾಣಿಗೆ ದೂರು ಕೊಡಿ, ದೂರು ಸಂಖ್ಯೆ ಬರೆದಿಟ್ಟುಕೊಳ್ಳಿ, ಎರಡು ವಾರ ಬಿಟ್ಟು ಮತ್ತೆ ಕೇಳಿ. ನಾವು ಕೊಟ್ಟ ಮೂರು ದೂರುಗಳಲ್ಲಿ ಒಂದು ಪೈಪ್ ಒಳಚರಂಡಿಗೆ ಸೇರಿತು. ಉಳಿದ ಎರಡರ ಹಿಂದೆ ಇನ್ನೂ ಓಡಾಡುತ್ತಿದ್ದೇವೆ.

ಒಂದು ಎಚ್ಚರಿಕೆ: ಯಾವ ಕಾರಣಕ್ಕೂ ರಾಜಕಾಲುವೆಗೆ ಅಥವಾ ಮ್ಯಾನ್‌ಹೋಲ್‌ಗೆ ಇಳಿಯಬೇಡಿ. ಒಳಗಿನ ವಿಷಾನಿಲ ಕ್ಷಣದಲ್ಲಿ ಪ್ರಾಣ ತೆಗೆಯುತ್ತದೆ. ಬೇರೆ ಯಾರನ್ನೂ ಇಳಿಸಬೇಡಿ. ಮನುಷ್ಯರನ್ನು ಮಲಗುಂಡಿಗೆ ಇಳಿಸಿ ಶುಚಿ ಮಾಡಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ನಮ್ಮ ಕೆಲಸ ನೋಡುವುದು, ದಾಖಲಿಸುವುದು, ಕೇಳುವುದು.

ಎರಡನೆಯದು, ಮೋರಿಗೆ ಹೋಗುವುದನ್ನು ಬೀದಿಯಲ್ಲೇ ತಡೆಯಿರಿ. ಬೈಕನ್ನು ರಸ್ತೆಯಲ್ಲಿ ಸೋಪು ಹಾಕಿ ತೊಳೆಯುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ. ಹಳೆಯ ಆಯಿಲನ್ನು ಮೋರಿಗೆ ಚೆಲ್ಲಬೇಡಿ ಎಂದು ಗ್ಯಾರೇಜಿನವರಿಗೆ ಹೇಳಿ, ಅದನ್ನು ಕೊಳ್ಳುವವರಿದ್ದಾರೆ. ಕಟ್ಟಡದ ಮರಳಿಗೆ ಟಾರ್ಪಾಲು ಹೊದಿಸಿ, ಸುತ್ತ ಮರಳು ಚೀಲ ಇಡಿಸಲು ಮೇಸ್ತ್ರಿಯನ್ನು ಕೇಳಿ. ಗಣೇಶನ ಹಬ್ಬಕ್ಕೆ ಪಿಒಪಿ ಬಿಟ್ಟು ಬಣ್ಣವಿಲ್ಲದ ಮಣ್ಣಿನ ಮೂರ್ತಿ ತನ್ನಿ. ವಿಸರ್ಜನೆಗೆ ಬಕೆಟ್ಟು, ಸಂಚಾರಿ ಟ್ಯಾಂಕು ಅಥವಾ ಕಲ್ಯಾಣಿ ಇದೆ.

ಮೂರನೆಯದು, ಮಳೆಯನ್ನು ಬಿದ್ದಲ್ಲೇ ಹಿಡಿಯಿರಿ. ಬೆಂಗಳೂರಿನಲ್ಲಿ 2009ರಿಂದ ಮಳೆನೀರು ಸಂಗ್ರಹ ಕಡ್ಡಾಯವಾಗಿದೆ. ಚಾವಣಿಯ ನೀರು ಸಂಪಿಗೆ ಅಥವಾ ಇಂಗುಬಾವಿಗೆ ಹೋದರೆ ಮೋರಿಗೆ ಬರುವ ನೀರೂ ಕಡಿಮೆ, ಅದು ತೊಳೆದೊಯ್ಯುವ ಕೊಳೆಯೂ ಕಡಿಮೆ. ನಿಮ್ಮ ಕಾಲೇಜಿನ ಚಾವಣಿಯ ಪೈಪ್ ಎಲ್ಲಿಗೆ ಹೋಗುತ್ತದೆ, ಮೊದಲು ಅದನ್ನೇ ನೋಡಿ. ಇದು ಹೇಗೆ ಮಾಡುವುದೆಂದು ತಿಳಿಯಲು ಜಯನಗರದಲ್ಲಿ ಜಲಮಂಡಳಿಯ ಮಳೆನೀರು ಸಂಗ್ರಹ ಥೀಮ್ ಪಾರ್ಕ್ ಇದೆ.

ನಾಲ್ಕನೆಯದು, ಒಂದು ಕೆರೆಯನ್ನು ವರ್ಷಪೂರ್ತಿ ನೋಡಿ. ಏಪ್ರಿಲ್‌ನಲ್ಲಿ ಕಾಲುವೆ, ಜಾಲರಿ ಶುಚಿಯಾಗಿದೆಯೇ? ಜೂನ್‌ನಿಂದ ಅಕ್ಟೋಬರ್‌ವರೆಗೆ ಕೋಡಿಯಲ್ಲಿ ನೀರು ಸರಾಗವಾಗಿ ಹೋಗುತ್ತಿದೆಯೇ, ಏರಿಯಲ್ಲಿ ಎಲ್ಲಾದರೂ ತೇವ ಕಾಣುತ್ತಿದೆಯೇ? ಚಳಿಗಾಲದಲ್ಲಿ ಯಾವ ಹಕ್ಕಿ ಬಂದವು? ಬೇಸಿಗೆಯಲ್ಲಿ ನೀರಿನ ಬಣ್ಣ, ವಾಸನೆ ಹೇಗಿದೆ? ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಬೆಂಗಳೂರಿನ ಕೆರೆಗಳ ನೀರನ್ನು ಪರೀಕ್ಷಿಸಿ ಎ ಯಿಂದ ಇ ವರೆಗೆ ದರ್ಜೆ ಕೊಡುತ್ತದೆ. ಅದನ್ನು ನಿಮ್ಮ ನೋಟ್‌ಬುಕ್ ಪಕ್ಕ ಇಟ್ಟು ಓದಿ. ಹನ್ನೆರಡು ತಿಂಗಳ ಇಂಥ ದಾಖಲೆ ಹಿಡಿದು ವಾರ್ಡ್ ಎಂಜಿನಿಯರ್ ಮುಂದೆ ಕೂತರೆ ಮಾತಿನ ತೂಕವೇ ಬೇರೆ.

ಕೆಲಸ ಹುಡುಕುವವರಿಗೂ ಇಲ್ಲಿ ದಾರಿಯಿದೆ

‘ಇದೆಲ್ಲ ಸರಿ, ನಮಗೆ ಮೊದಲು ನೌಕರಿ ಬೇಕು’ ಎನ್ನುವವರಿಗೂ ಒಂದು ಮಾತು. ಕೆರೆ ಮತ್ತು ಮಳೆನೀರು ಈಗ ಬರೀ ಸಮಾಜಸೇವೆಯಲ್ಲ. ಸಿವಿಲ್ ಓದಿದವರಿಗೆ ಚರಂಡಿ, ಕಾಲುವೆ ವಿನ್ಯಾಸ, ಭೂಗೋಳ ಮತ್ತು ಕಂಪ್ಯೂಟರ್ ಓದಿದವರಿಗೆ ಜಿಐಎಸ್ ನಕ್ಷೆ, ರಸಾಯನಶಾಸ್ತ್ರ, ಸೂಕ್ಷ್ಮಜೀವಶಾಸ್ತ್ರದವರಿಗೆ ನೀರಿನ ಪರೀಕ್ಷಾಲಯ, ಐಟಿಐ ಮುಗಿಸಿದವರಿಗೆ ಪ್ಲಂಬಿಂಗ್, ಎಸ್‌ಟಿಪಿ ನಿರ್ವಹಣೆ. ದೊಡ್ಡ ಅಪಾರ್ಟ್‌ಮೆಂಟುಗಳಿಗೆಲ್ಲ ಎಸ್‌ಟಿಪಿ ನಡೆಸಲು ಬಲ್ಲವರು ಬೇಕು. ತೆರೆದ ಬಾವಿ ತೋಡುವ ಮಣ್ಣು ವಡ್ಡರ ಸಮುದಾಯದವರಿಗೆ ಇಂಗುಬಾವಿಗಳಿಂದ ನಗರದಲ್ಲಿ ಮತ್ತೆ ಕೆಲಸ ಸಿಗುತ್ತಿದೆ; ಕೌಶಲಕ್ಕೆ ಡಿಗ್ರಿಯೇ ಬೇಕೆಂದಿಲ್ಲ ಎನ್ನುವುದಕ್ಕೆ ಇದು ಸಾಕ್ಷಿ. ಒಂದು ಕೆರೆಯನ್ನು ವರ್ಷ ಪೂರ್ತಿ ಗಮನಿಸಿ ಮಾಡಿದ ವರದಿ ಸಂದರ್ಶನದಲ್ಲಿ ನಿಮ್ಮ ಪರವಾಗಿ ಮಾತಾಡಬಲ್ಲದು.

ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರು ಸಂವಿಧಾನದ 51ಎ(ಜಿ) ವಿಧಿಯನ್ನು ಬಾಯಿಪಾಠ ಮಾಡಿರುತ್ತೀರಿ. ಅರಣ್ಯ, ಸರೋವರ, ನದಿ, ವನ್ಯಜೀವಿಗಳನ್ನು ರಕ್ಷಿಸುವುದು ಪ್ರತಿ ನಾಗರಿಕನ ಮೂಲಭೂತ ಕರ್ತವ್ಯ ಎನ್ನುತ್ತದೆ ಅದು. ಒಂದು ಅಂಕದ ಆ ಉತ್ತರದಲ್ಲಿ ಬರುವ ‘ಸರೋವರ’ ಎಲ್ಲೋ ದೂರದಲ್ಲಿಲ್ಲ. ನಿಮ್ಮ ಬೀದಿಯ ಮೋರಿ ಎಲ್ಲಿಗೆ ಹೋಗಿ ಮುಟ್ಟುತ್ತದೋ ಅದೇ ಅದು. ಮುಂದಿನ ಮಳೆ ಬರುವ ಮೊದಲು ಒಮ್ಮೆ ಅದರ ಜೊತೆ ನಡೆದು ಬನ್ನಿ.